ಐದು ಡಾಲರಿನ ಗುಂಡಿ ಪುರಾಣ

ಹೆಬ್ಬೆರಳು ಗಾತ್ರದ ಗುಂಡಿ. ಬೆಲೆ ಐದು ಡಾಲರು. ಅಮೆರಿಕದ ಅಮೆಜಾನ್ ಕಂಪೆನಿ 2015ರಲ್ಲಿ ಪೇಟೆಗೆ ಬಿಟ್ಟದ್ದು. ವಾಷಿಂಗ್ ಮೆಷಿನ್ ಪಕ್ಕ ಅಂಟಿಸಿಕೊಳ್ಳಿ. ಸೋಪಿನ ಪುಡಿ ಮುಗೀತೋ, ಒತ್ತಿ. ಆರ್ಡರ್ ಹೋಯ್ತು! ಅಂಗಡಿಗೆ ಚೀಟಿ ಒಯ್ಯೋ ಹುಡುಗನೂ ಬೇಡ.

ಅದೇ ವರ್ಷ ಅಲ್ಲೊಬ್ಬ ತಂದೆ ಬೇರೇನೇ ಯೋಚಿಸಿದ. ಅವನಿಗೆ ಬೇಕಾಗಿದ್ದು ಸೋಪಲ್ಲ. ಹಸುಗೂಸು ರಾತ್ರಿ ಎಷ್ಟು ಸಲ ಎದ್ದಿತು ಅನ್ನೋ ಲೆಕ್ಕ. ಗುಂಡಿಗೆ ಮನೆಯ ವೈಫೈ ತೋರಿಸಿದ. 'ಯಾವ ಸಾಮಾನು?' ಅನ್ನೋ ಕಡೇ ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ, ಆರ್ಡರ್ ಹೋಗದ ಹಾಗೆ. ಈ ಗುಂಡಿ ಸದಾ ನಿದ್ದೆಯಲ್ಲಿರುತ್ತೆ. ಒತ್ತಿದಾಗ ಎದ್ದು, ವೈಫೈ ಹಿಡಿದು, 'ನಾನು ಬಂದೆ' ಅಂತ ಮನೆಯ ಜಾಲದಲ್ಲಿ ಕೂಗುತ್ತೆ. ಒಂದೊಂದಕ್ಕೂ ಒಂದೊಂದು ನಂಬರು. ಮನೆಯ ಕಂಪ್ಯೂಟರಿನಲ್ಲಿ ಪುಟ್ಟ ಪ್ರೋಗ್ರಾಮೊಂದು ಕಿವಿಗೊಟ್ಟು ಕೂತಿತ್ತು; ಆ ನಂಬರು ಕೇಳಿದ್ದೇ ತಡ, ಗೂಗಲ್ ಲೆಕ್ಕದ ಹಾಳೆಯಲ್ಲಿ ಹೊತ್ತು ಬರೆದಿಟ್ಟಿತು. ಗುಂಡಿಯ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ ಮಹರಾಯ!

ಒತ್ತುವಾಗ ಬೆಲೆ ಕಾಣಿಸದ ಗುಂಡಿ ಕಾನೂನಿಗೆ ವಿರುದ್ಧ ಅಂತ 2019ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್ ಕೋರ್ಟು ಹೇಳಿತು. ಫೆಬ್ರವರಿ ಕೊನೆಗೆ ಕಂಪೆನಿ ಮಾರಾಟ ನಿಲ್ಲಿಸಿತು. ಆಗಸ್ಟ್ 31ಕ್ಕೆ ಆರ್ಡರ್ ತಗೊಳ್ಳೋದನ್ನೂ. ಗುಂಡಿ ಕೊಂಡವರದು, ಅದರ ಮಾತು ಕೇಳೋ ಕಿವಿ ಕಂಪೆನಿಯದು. ಸೋಪಿಗಾಗಿ ಒತ್ತುತ್ತಿದ್ದವರ ಕೈಲಿ ಉಳಿದದ್ದು ಪ್ಲಾಸ್ಟಿಕ್ಕು.