ಬ್ಲಾಕ್ ಸೋರಿದಾಗ ಊರು ಮುಟ್ಟಿಸುವ ತೇಪೆ

ಸಿ. ಬೆಳಗಲ್ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ತುಂಗಭದ್ರೆಯ ಸೀಮೆಯಾದರೂ ಶೆಡ್ಡಿನಲ್ಲಿ ನಿಂತ ಹಳೆಯ ಅಂಬಾಸಡರ್‌ಗೆ ಕುಡಿಯಲು ಸಿಕ್ಕುವುದು ಹೆಚ್ಚಾಗಿ ಬೋರಿನ ಗಡಸು ನೀರು. ಯಾರೋ ಬಿಟ್ಟ ಕಾರನ್ನು ಎಬ್ಬಿಸಿ ಓಡಿಸುವ ಹುಚ್ಚು ಹತ್ತಿದವರಿಗೆ ಒಂದು ದಿನ ಎಂಜಿನ್ನಿನ ಪಕ್ಕದಲ್ಲಿ ತುಕ್ಕಿನ ಗೆರೆ ಕಾಣುತ್ತದೆ, ಅದರ ಕೆಳಗೆ ಹನಿ ನೀರು. ನೋಡಿದವರೆಲ್ಲ ‘ಬ್ಲಾಕ್ ಹೋಯ್ತು’ ಎನ್ನುತ್ತಾರೆ. ಅಷ್ಟು ಬೇಗ ನಂಬಬೇಡಿ.

ಬ್ಲಾಕ್ ಎಂದರೆ ಬೀಡಿನ ಎರಕ. ನೀರು ಹರಿಯುವ ಪೊಳ್ಳು ಮೂಡಲೆಂದು ಎರಕ ಹೊಯ್ಯುವಾಗ ಒಳಗೆ ಮರಳಿನ ಅಚ್ಚು ಇಡುತ್ತಾರೆ. ಆ ಮರಳು ಹೊರಬಂದ ತೂತುಗಳನ್ನು ಆಮೇಲೆ ತೆಳು ಬಿಲ್ಲೆಗಳಿಂದ ಮುಚ್ಚುತ್ತಾರೆ. ಗ್ಯಾರೇಜಿನಲ್ಲಿ ಡಮ್ಮಿ ಎನ್ನುವುದು ಇವನ್ನೇ. ಕೂಲಂಟ್ ಇಲ್ಲದೆ ಬರೀ ನೀರು ಕಂಡ ಗಾಡಿಯಲ್ಲಿ ಉಕ್ಕಿನ ಬಿಲ್ಲೆ ಒಳಗಿನಿಂದ ತುಕ್ಕು ತಿಂದು ಸೂಜಿಮೊನೆಯಷ್ಟು ತೂತಾಗುತ್ತದೆ. ಹೊಸ ಬಿಲ್ಲೆ ಬಡಿದರೆ ಕೆಲಸ ಮುಗಿಯಿತು. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಶೇ. 9ರಷ್ಟು ಹಿಗ್ಗಿ ಬ್ಲಾಕನ್ನೇ ಸೀಳುವುದುಂಟು. ನಮ್ಮಲ್ಲಿ ಸೀಳುವುದು ನಮ್ಮದೇ ಆತುರ: ಕುದಿದು ನಿಂತ ಎಂಜಿನ್ನಿಗೆ ಕೊಡದ ತಣ್ಣೀರು ಸುರಿಯುತ್ತೇವೆ. ಬೀಡು ಗಟ್ಟಿ, ಆದರೆ ಬಾಗದು. ಒಂದು ಕಡೆ ತಟ್ಟನೆ ಕುಗ್ಗಿದರೆ ಬಿರಿಯುತ್ತದೆ.

ಬಿರುಕು ನಿಜವೋ ಸುಳ್ಳೋ ತಿಳಿಯಲು ಒಂದು ಹಳೆಯ ಉಪಾಯವಿದೆ. ಎಂಜಿನ್ ಪೂರ್ತಿ ಆರಿದ ಮೇಲೆ ನೀರು ಇಳಿಸಿ, ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಒಣಗುವಂತೆ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮತ್ತೆ ಹೊರಗೆ ಒಸರಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಗೆರೆ ಮೂಡದಿದ್ದರೆ ಹೋಸ್ ಕ್ಲಿಪ್ಪು, ವಾಟರ್ ಪಂಪು, ಡ್ರೈನ್ ಕಾಕ್ ನೋಡಿ.

ಗೆರೆ ಮೂಡಿತೋ, ಅದರ ಎರಡೂ ತುದಿಯಲ್ಲಿ 3 ಮಿಲಿಮೀಟರಿನ ತೂತು ಕೊರೆಯಬೇಕು. ಬಿರುಕಿನ ಮೊನೆಯಲ್ಲೇ ಎಳೆತವೆಲ್ಲ ಕೂಡಿರುತ್ತದೆ. ದುಂಡನೆಯ ತೂತು ಸಿಕ್ಕರೆ ಆ ಎಳೆತ ಹರಡಿಕೊಳ್ಳುತ್ತದೆ, ಬಿರುಕು ಮುಂದೆ ಓಡದು. ಬಳಿಕ ಗೆರೆಯುದ್ದಕ್ಕೂ ಅರದಿಂದ ಸಣ್ಣ ಕಾಲುವೆ ತೋಡಿ. ಬೀಡು ಬೆಳ್ಳಗೆ ಮಿಂಚಬೇಕು, ಎಣ್ಣೆಯ ಪಸೆ ಉಳಿಯಬಾರದು. ತೇಪೆ ಬಿಟ್ಟುಕೊಳ್ಳುವುದು ಬಹುತೇಕ ಈ ಹಂತದ ಸೋಮಾರಿತನದಿಂದಲೇ. ಎಂ-ಸೀಲ್ ತರಹದ ಎಪಾಕ್ಸಿಯ ಎರಡು ಉಂಡೆಗಳನ್ನು ಬಣ್ಣ ಒಂದಾಗುವ ತನಕ ನಾದಿ, ಕಾಲುವೆಯೊಳಕ್ಕೆ ಒತ್ತಿ, ಸುತ್ತ ಒಂದು ಬೆರಳಗಲ ಹರಡಿ. ಲೋಹದ ಪುಡಿ ಬೆರೆತ, ಬಿಸಿ ತಡೆಯುವ ನಮೂನೆ ಸಿಕ್ಕರೆ ಅದನ್ನೇ ತನ್ನಿ. ಸಾಮಾನ್ಯ ಎಪಾಕ್ಸಿ ಕುದಿಯುವ ನೀರಿನ ಬಿಸಿಗೆ ಮೆತ್ತಗಾಗಬಹುದು. ಒಂದು ರಾತ್ರಿ, ಸಾಧ್ಯವಾದರೆ ಒಂದಿಡೀ ದಿನ ಗಾಡಿ ಮುಟ್ಟಬೇಡಿ.

ರೇಡಿಯೇಟರಿಗೆ ಅರಿಸಿನ ಪುಡಿ ಹಾಕುವ ಲಾರಿ ಡ್ರೈವರುಗಳ ವಿದ್ಯೆ ಸುಳ್ಳಲ್ಲ. ಪುಡಿ ನೀರಿನೊಡನೆ ಸುತ್ತಿ ಸಣ್ಣ ತೂತಿನಲ್ಲಿ ಸಿಕ್ಕಿಕೊಂಡು ಉಬ್ಬುತ್ತದೆ. ಸೋಡಿಯಂ ಸಿಲಿಕೇಟಿನ ದ್ರವ ಬಿರುಕಿನ ಬಿಸಿಗೆ ಗಾಜಿನಂತೆ ಗಟ್ಟಿಯಾಗುತ್ತದೆ. ಆದರೆ ತೂತು ಯಾವುದು, ರೇಡಿಯೇಟರಿನ ಕೊಳವೆ ಯಾವುದು ಎಂಬ ಭೇದ ಇವಕ್ಕೆ ತಿಳಿಯದು. ಗಡಸು ನೀರಿನ ಗಾರೆ ಮೊದಲೇ ಕಟ್ಟಿದ ಎಂಜಿನ್ನಿನಲ್ಲಿ ನಾನಂತೂ ಇವನ್ನು ಹಾಕಲಾರೆ.

ತೇಪೆಯ ಮೇಲೆ ಓಡಿಸುವಾಗ ರೇಡಿಯೇಟರ್ ಮುಚ್ಚಳವನ್ನು ಮೊದಲ ಹಲ್ಲಿಗೆ ಮಾತ್ರ ತಿರುಗಿಸಿ ಬಿಟ್ಟರೆ ಒಳಗೆ ಒತ್ತಡ ಕಟ್ಟದು. ನೀರು ಬೇಗ ಕುದಿಯುತ್ತದೆ, ಆದ್ದರಿಂದ ನಿಧಾನ ಹೋಗಿ, ಮಾಪಕದ ಮೇಲೆ ಕಣ್ಣಿಡಿ. ಡಿಪ್‌ಸ್ಟಿಕ್ಕಿನ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಒಳಗೆ ಸೇರಿದೆ ಎಂದರ್ಥ. ಅಂಥ ಎಂಜಿನ್ನನ್ನು ಸ್ಟಾರ್ಟ್ ಮಾಡಲೇಬೇಡಿ; ಹೊರಗಿನ ತೇಪೆ ಅದಕ್ಕೆ ಮದ್ದಲ್ಲ. ಬೀಡನ್ನು ಮೊದಲು ಕಾಯಿಸದೆ ವೆಲ್ಡಿಂಗ್ ಮಾಡಿದರೆ ಪಕ್ಕದಲ್ಲೇ ಹೊಸ ಬಿರುಕು ಏಳುವುದುಂಟು. ಬಿಸಿ ಮಾಡದೆ ಸ್ಕ್ರೂಗಳ ಸಾಲಿನಿಂದ ಹೊಲಿಯುವ ಸ್ಟಿಚಿಂಗ್ ಬಲ್ಲವರು ಸಿಕ್ಕರೆ ಕಾಯಂ ರಿಪೇರಿಗೆ ಅವರೇ ಸರಿ.

ಅಷ್ಟರೊಳಗೆ ಗಾಡಿ ಮಾರುವ ಮನಸ್ಸಾದರೆ, ಕೊಳ್ಳುವವರಿಗೆ ಬಾನೆಟ್ ಎತ್ತಿ ತೇಪೆ ಎಲ್ಲಿದೆ ಎಂದು ತೋರಿಸಿ ಕೊಡಿ.