ಸತಿಪತಿಯರು ಕೂಡಿ ಆಡುವ ಆಟ

ದುಡಿದು ದಣಿದ ದಂಪತಿಗಳು ಒಂದೇ ಟೀವಿಯ ಮುಂದೆ ಕುಳಿತು, ಮಾತಿಲ್ಲದೆ ದಿನ ಮುಗಿಸುವುದನ್ನು ನಾವೆಲ್ಲ ಕಂಡಿದ್ದೇವೆ. ವಿಡಿಯೋ ಗೇಮ್ ಎಂದರೆ ಮಕ್ಕಳ ಗೀಳೆಂದು ಮೂಗು ಮುರಿಯುವ ನಾವು, ಇಬ್ಬರೂ ಕೂಡಿ ಆಡಬಹುದಾದ ಆಟಗಳೂ ಉಂಟೆಂಬುದನ್ನು ಮರೆಯುತ್ತೇವೆ.

'ಸ್ಟಾರ್ ವಾರ್ಸ್' ಚಲನಚಿತ್ರಗಳ ಪಾತ್ರಗಳನ್ನು ಲೆಗೋ ಗೊಂಬೆಗಳಾಗಿಸಿ, ಇಂಗ್ಲೆಂಡಿನ ಟ್ರಾವೆಲರ್ಸ್ ಟೇಲ್ಸ್ ಸಂಸ್ಥೆಯು ರಚಿಸಿದ ಆಟ 2005ರಲ್ಲಿ ಹೊರಬಂತು. ಇದರಲ್ಲಿ ಇಬ್ಬರು ಆಟಗಾರರು ಎದುರಾಳಿಗಳಲ್ಲ, ಜೊತೆಗಾರರು. ಒಂದೆಡೆ ಅಡ್ಡಬಿದ್ದ ವಸ್ತುವನ್ನು ಜೆಡೈ ಯೋಧನು ಸರಿಸಬೇಕು. ಇನ್ನೊಂದೆಡೆ ಮುಚ್ಚಿದ ಬಾಗಿಲನ್ನು ಪುಟ್ಟ ಯಂತ್ರಮಾನವನೇ ತೆರೆಯಬೇಕು. ಪೆಟ್ಟು ತಿಂದ ಗೊಂಬೆ ಚೂರಾಗಿ, ಗಳಿಸಿದ್ದರಲ್ಲಿ ಸ್ವಲ್ಪ ಕಳೆದುಕೊಂಡರೂ ಕೂಡಲೇ ಎದ್ದು ನಿಲ್ಲುತ್ತದೆ. ಆದುದರಿಂದ ಪಳಗದ ಕೈಗೂ ಅಳುಕಿಲ್ಲ.

ಮೊದಲ ಆಟಗಳಲ್ಲಿ ಇಬ್ಬರಿಗೂ ಪರದೆ ಒಂದೇ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಬಹುದೂರ ಸಾಗುವಂತಿರಲಿಲ್ಲ. 2009ರಲ್ಲಿ ಬಂದ ಎರಡನೆಯ ಲೆಗೋ 'ಇಂಡಿಯಾನಾ ಜೋನ್ಸ್' ಆಟದಲ್ಲಿ, ದೂರವಾದಾಗ ಪರದೆ ಇಬ್ಭಾಗವಾಗಿ, ಹತ್ತಿರ ಬಂದೊಡನೆ ಒಂದಾಗುವ ಏರ್ಪಾಡಾಯಿತು.

ಆದರೆ ತಾಳ್ಮೆಯನ್ನು ಯಾವ ಯಂತ್ರವೂ ಒದಗಿಸಲಾರದು. ಆಟ ಬಲ್ಲವರು ಬಾರದವರನ್ನು ಹಳಿಯದೆ, ಅವರ ಕೈಯ ಆಟಿಕೆಯನ್ನು ಕಸಿಯದೆ, ಕೊಂಚ ಕಾಯಬೇಕು. ವಾರಕ್ಕೊಂದು ಸಂಜೆ, ಒಂದು ಗಂಟೆ ಸಾಕು. ಹೀಗೆ ಒಬ್ಬರಿಗೊಬ್ಬರು ಕಾಯುವ ಅಭ್ಯಾಸ, ಟೀವಿ ಆರಿದ ಮೇಲೂ ನಮ್ಮ ಮನೆಗಳಲ್ಲಿ ಉಳಿಯಲಿ.