ಪಬ್ಲಿಕ್ ಹೆಡರ್ ಅನ್ನಿಸಿಕೊಳ್ಳಲು ‘ಇನ್‌ಕ್ಲೂಡ್’ ಫೋಲ್ಡರ್ ಸಾಕೇ?

ಗಜೇಂದ್ರಗಡ ಎಂಬ ಹೆಸರು ಫೋನಿನಲ್ಲಿ 5 ಅಕ್ಷರವಾಗಿ ಕಂಡರೂ ಒಳಗೆ ಅದು 9 ಯುನಿಕೋಡ್ ಸಂಕೇತಗಳ ಸಾಲು. ದಕಾರಕ್ಕೆ ರ ಒತ್ತು ಕೂಡಿಸಬೇಕು, ನರಗುಂದದ ಗಕಾರಕ್ಕೆ ಕೊಂಬು ಕೊಡಬೇಕು, ರೋಣದ ‘ರೋ’ಗೆ ಎತ್ವ, ಕೊಂಬು, ದೀರ್ಘ ಮೂರನ್ನೂ ಹೊಂದಿಸಬೇಕು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿ. ಕನ್ನಡಕ್ಕೆ ಇಷ್ಟು ಹತ್ತಿರದ ಈ ಲೈಬ್ರರಿಯ ಕಡತಗಳನ್ನು ತೆರೆದು ನೋಡಿದರೆ, ಸಿ ಮತ್ತು ಸಿ ಪ್ಲಸ್ ಪ್ಲಸ್ ಕಲಿಯುವವರಲ್ಲಿ ಬೇರೂರಿದ ಒಂದು ನಂಬಿಕೆ ಸಡಿಲವಾಗುತ್ತದೆ. ಬಳಕೆದಾರರಿಗೆ ಕೊಡುವ ಹೆಡರ್‌ಗಳನ್ನು ‘ಇನ್‌ಕ್ಲೂಡ್’ ಫೋಲ್ಡರಿಗೂ ಉಳಿದದ್ದನ್ನು ಸೋರ್ಸ್ ಫೋಲ್ಡರಿಗೂ ಹಾಕಿದರೆ ಒಳಗು ಹೊರಗು ತಾನಾಗಿ ಬೇರೆಯಾಗುತ್ತದೆ ಎಂಬುದೇ ಆ ನಂಬಿಕೆ.

ಹಾರ್ಫ್‌ಬಜ್‌ನಲ್ಲಿ ಪಬ್ಲಿಕ್ ಹೆಡರ್‌ಗಳಿಗೆಂದು ಪ್ರತ್ಯೇಕ ಫೋಲ್ಡರೇ ಇಲ್ಲ. ಎಲ್ಲವೂ ಸೋರ್ಸ್ ಫೋಲ್ಡರಿನಲ್ಲೇ ಅಕ್ಕಪಕ್ಕ ಇವೆ. ಹೊರಗಿನವರಿಗೆ ಕೊಡುವ ಹೆಡರ್ ‘ಡಾಟ್ ಎಚ್’ ಎಂದೂ ಮನೆಯೊಳಗಿನದು ‘ಡಾಟ್ ಎಚ್‌ಎಚ್’ ಎಂದೂ ಮುಗಿಯುತ್ತದೆ. ಇನ್‌ಸ್ಟಾಲ್ ಮಾಡುವಾಗ ಮೊದಲನೆಯವು ಮಾತ್ರ ಹೊರಬರುತ್ತವೆ. ಪಠ್ಯವನ್ನು ಹಿಡಿದಿಡುವ ಬಫರ್‌ನ ಹೆಸರಷ್ಟೇ ಪಬ್ಲಿಕ್ ಹೆಡರಿನಲ್ಲಿದೆ, ಅದರ ರಚನೆ ಒಳಗಿನ ಹೆಡರಿನಲ್ಲಿದೆ. ಹಾಗಾಗಿ ಬಫರ್‌ಗೆ ಹೊಸ ಅಂಶ ಸೇರಿಸಿದರೂ ಈಗಾಗಲೇ ಕಂಪೈಲ್ ಆದ ಪ್ರೋಗ್ರಾಂಗಳು ಕೆಡುವುದಿಲ್ಲ. ಕನ್ನಡವೂ ಸೇರಿ ಭಾರತೀಯ ಲಿಪಿಗಳನ್ನು ಜೋಡಿಸುವ ಕಡತದ ಹೆಸರನ್ನೇ ಒಮ್ಮೆ ಬದಲಿಸಿದರು. ಬಳಸುವವರು ತಮ್ಮ ಕೋಡಿನಲ್ಲಿ ಒಂದು ಸಾಲನ್ನೂ ತಿದ್ದಬೇಕಾಗಿ ಬರಲಿಲ್ಲ. ಲೈಬ್ರರಿ ಬರೆಯುವವರಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ಎದುರಾದ ಉದಾಹರಣೆ ಅಕ್ಷರಗಳ ಆಕಾರ ಬಿಡಿಸುವ ಫ್ರೀಟೈಪ್. ಅಲ್ಲಿ ‘ಇನ್‌ಕ್ಲೂಡ್’ ಫೋಲ್ಡರ್ ಇದೆ, ಆದರೆ ಒಳಗಿನ ಹೆಡರ್‌ಗಳೂ ಅದರದೇ ಒಂದು ಉಪಫೋಲ್ಡರಿನಲ್ಲಿವೆ. ಹಿಂದೆ ಅವೂ ಇನ್‌ಸ್ಟಾಲ್ ಆಗುತ್ತಿದ್ದುದರಿಂದ ಕೆಲವು ಪ್ರೋಗ್ರಾಂಗಳು ಅವನ್ನೇ ನೆಚ್ಚಿಕೊಂಡವು. 2006ರಲ್ಲಿ 2.2ನೇ ಆವೃತ್ತಿ ಆ ಬಾಗಿಲು ಮುಚ್ಚಿದಾಗ ಅಂಥವು ಕಂಪೈಲ್ ಆಗದೆ ನಿಂತವು. ಫೋಲ್ಡರಿನ ಹೆಸರು ಯಾರನ್ನೂ ತಡೆದಿರಲಿಲ್ಲ; ಕೈಗೆ ಸಿಕ್ಕಿದ್ದನ್ನು ಜನ ಬಳಸಿದರು.

ಹಾಗಾದರೆ ಪ್ರತ್ಯೇಕ ಫೋಲ್ಡರ್ ವ್ಯರ್ಥವೇ ಎಂದು ಕೇಳಬಹುದು. ಖಂಡಿತ ಅಲ್ಲ. ಹೊಸದಾಗಿ ಶುರುಮಾಡುವವರಿಗೆ ಅದೇ ಒಳ್ಳೆಯದು, ಏಕೆಂದರೆ ಪರೀಕ್ಷೆಯ ಕೋಡಿಗೆ ಆ ಫೋಲ್ಡರಿನ ದಾರಿಯನ್ನಷ್ಟೇ ತೋರಿಸಿದರೆ ಅದು ಒಳಗಿನ ಹೆಡರ್ ಕರೆದ ಕೂಡಲೇ ಸಿಕ್ಕಿಬೀಳುತ್ತದೆ. ಆದರೆ ಹೆಡರ್ ಬಚ್ಚಿಟ್ಟರೆ ಫಂಕ್ಷನ್ ಕೂಡ ಮರೆಯಾಯಿತು ಎಂದುಕೊಳ್ಳುವುದು ತಪ್ಪು. ಲಿನಕ್ಸ್‌ನ ಶೇರ್ಡ್ ಲೈಬ್ರರಿಯಲ್ಲಿ ಸ್ಟ್ಯಾಟಿಕ್ ಅಲ್ಲದ ಫಂಕ್ಷನ್‌ಗಳೆಲ್ಲ, ನಾವು ತಡೆಯದಿದ್ದರೆ, ಹೊರಗೆ ಕಾಣುತ್ತವೆ. ಘೋಷಣೆಯ ಸಾಲನ್ನು ಕೈಯಾರೆ ಬರೆದುಕೊಂಡವರು ಅವನ್ನು ಕರೆಯಬಲ್ಲರು. ಅವನ್ನು ಮರೆಮಾಡುವಂತೆ ಕಂಪೈಲರಿಗೆ ಬೇರೆಯಾಗಿಯೇ ಹೇಳಬೇಕು. ಆಮೇಲೆ ಲೈಬ್ರರಿಯನ್ನು ಒಂದು ಖಾಲಿ ಡೈರೆಕ್ಟರಿಗೆ ಇನ್‌ಸ್ಟಾಲ್ ಮಾಡಿ, ಸೋರ್ಸ್ ಫೋಲ್ಡರಿನ ನೆರಳೂ ಸೋಕದಂತೆ, ‘ಗಜೇಂದ್ರಗಡ’ ಎಂಬ ಪದವನ್ನು ಜೋಡಿಸುವ ಚಿಕ್ಕ ಪ್ರೋಗ್ರಾಂ ಒಂದನ್ನು ಕಂಪೈಲ್ ಮಾಡಿನೋಡಬೇಕು. ಹೆಡರ್ ಸಿಗಲಿಲ್ಲ ಎಂಬ ದೂರು ಬಂದರೆ, ಯಾವುದೋ ಪಬ್ಲಿಕ್ ಹೆಡರ್ ಒಳಗಿನ ಹೆಡರನ್ನು ಇನ್ನೂ ಕರೆಯುತ್ತಿದೆ.